ವಾಕ್ಯದ ಕೊನೆಯ ಪದ ಮತ್ತು ನಟನ ಚೀಲ

ನಾಟಕದ ಪ್ರತಿ ಕೈಗೆ ಬಂದ ದಿನ ನಾನು ಮೊದಲು ಮಾಡುವ ಕೆಲಸವೆಂದರೆ ನನ್ನ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳುವುದು. ಎಡಪುಟದಲ್ಲಿ ಎದುರು ಪಾತ್ರದ ಮಾತು, ಬಲಪುಟದಲ್ಲಿ ನನ್ನ ಮಾತು. ಈಗ ನಾಟಕಗಳು ವಾಟ್ಸ್‌ಆಪ್‌ನಲ್ಲಿ ಪಿಡಿಎಫ್ ರೂಪದಲ್ಲಿ ಬರುತ್ತವೆ, ಫೋನ್ ಹಿಡಿದುಕೊಂಡೇ ತಾಲೀಮಿಗೆ ನಿಲ್ಲುವವರು ಹೆಚ್ಚಾಗಿದ್ದಾರೆ. ಬೆರಳಿನಿಂದ ಪುಟ ಸರಿಸುವಾಗ ಎದುರಿನವರ ಮಾತು ಕಣ್ಣಿಗೂ ಬೀಳದೆ ಜಾರಿಹೋಗುತ್ತದೆ ಮತ್ತು ನಟನಿಗೆ ತನ್ನ ಸರದಿ ಬಂತೆಂದು ಸೂಚಿಸುವ ಒಂದು ಪದವಷ್ಟೇ ಉಳಿಯುತ್ತದೆ. ಹಾಗೆ ಕಲಿತವರು ರಂಗದ ಮೇಲೆ ಆ ಪದಕ್ಕಾಗಿ ಕಾಯುತ್ತಾರೆಯೇ ಹೊರತು ಎದುರಿನ ಮನುಷ್ಯ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವುದಿಲ್ಲ. ಎದುರು ಪಾತ್ರದ ಮಾತನ್ನೂ ಒಂದಕ್ಷರ ಬಿಡದೆ ಬರೆದುಕೊಂಡರೆ, ನನ್ನ ಮಾತು ಯಾವುದಕ್ಕೆ ಉತ್ತರವಾಗಿ ಹುಟ್ಟಿತು ಎಂಬುದು ಬರೆಯುವ ಕೈಗೇ ತಿಳಿದುಬಿಡುತ್ತದೆ.

ರಂಗಚಲನೆಗಳನ್ನು ಪೆನ್ಸಿಲ್ಲಿನಲ್ಲೇ ಗುರುತು ಹಾಕಬೇಕು. ಸೋಮವಾರ ಎಡದಿಂದ ಬಂದ ಪಾತ್ರ ಗುರುವಾರ ಹಿಂದಿನಿಂದ ಬರಬಹುದು, ಪೆನ್ನಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ಹೊಡೆದುಹಾಕಿ ಪುಟವೇ ಓದಲಾಗದಂತಾಗುತ್ತದೆ. ಎಡ ಬಲಗಳೆಂದರೆ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟನ ಎಡ ಬಲಗಳು ಎಂಬುದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ಆದರೆ ಆ ಪೆನ್ಸಿಲ್ಲಿನ ಅತಿ ಮುಖ್ಯ ಉಪಯೋಗ ಬೇರೆಯೇ ಇದೆ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು ಮಾಡಿದರು, ಒಬ್ಬರೋ ಹಲವರೋ, ಗಂಡೋ ಹೆಣ್ಣೋ, ಗೌರವದಿಂದ ಹೇಳಿದ್ದೋ ತಾತ್ಸಾರದಿಂದ ಹೇಳಿದ್ದೋ, ಆಗಿಹೋಯಿತೋ ಆಗಲಿದೆಯೋ, ಹೌದೋ ಅಲ್ಲವೋ ಎಂಬುದೆಲ್ಲ ಆ ಕೊನೆಯ ಪದದಲ್ಲಿ, ಎಷ್ಟೋ ಸಲ ಅದರ ಕೊನೆಯ ಅಕ್ಷರದಲ್ಲಿ ಕುಳಿತಿರುತ್ತದೆ. ‘ಬರುತ್ತೇನೆ’, ‘ಬರಲಾರೆ’, ‘ಬರಬಾರದು’, ‘ಬರುವುದಿಲ್ಲ’ ಎಂಬ ನಾಲ್ಕು ಮಾತುಗಳೂ ಒಂದೇ ರೀತಿ ಶುರುವಾಗುತ್ತವೆ. ನಮ್ಮ ಉಸಿರಾದರೋ ವಾಕ್ಯದ ಮೊದಲಲ್ಲಿ ತುಂಬಿರುತ್ತದೆ, ಕೊನೆಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತದೆ. ‘ನಾನು ಅವನನ್ನು ಕ್ಷಮಿಸಿದ್ದೇನೆ ಎಂದು ನೀನು ತಿಳಿದುಕೊಂಡಿದ್ದರೆ ಅದು ನಿಜವಲ್ಲ’ ಎನ್ನುವ ಮಾತಿನಲ್ಲಿ ‘ಅಲ್ಲ’ ಎಂಬುದು ಎದೆಯೊಳಗೇ ಉಳಿದುಬಿಟ್ಟರೆ, ಹಿಂದಿನ ಸಾಲಿನವರು ಕ್ಷಮೆಯ ಕಥೆಯನ್ನು ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ಪ್ರೇಕ್ಷಕರು ‘ಮಾತು ಕೇಳಿಸಲಿಲ್ಲ’ ಎಂದು ದೂರಿದಾಗ ನಟರು ಇಡೀ ವಾಕ್ಯವನ್ನು ಇನ್ನಷ್ಟು ಜೋರಾಗಿ ಕೂಗಲು ತೊಡಗುತ್ತಾರೆ. ಆಗ ಮೊದಲರ್ಧ ಕಿವಿಗೆ ಬಡಿಯುತ್ತದೆ, ಕೊನೆಯ ಪದ ಹಿಂದಿನಂತೆಯೇ ಸಾಯುತ್ತದೆ.

ಆದ್ದರಿಂದ ಪ್ರತಿ ವಾಕ್ಯದ ಕೊನೆಯ ಪದಕ್ಕೆ ನಾನು ಪೆನ್ಸಿಲ್ಲಿನಲ್ಲಿ ಅಡಿಗೆರೆ ಎಳೆಯುತ್ತೇನೆ. ಅನಂತರ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಗುರುತಿಸುತ್ತೇನೆ. ‘ಹೋಗಿ’, ‘ನೋಡಿ’, ‘ಕೇಳಿದ ಮೇಲೆ’ ಎಂಬಂಥ ಪದಗಳ ಬಳಿ ಕನ್ನಡ ತಾನಾಗಿಯೇ ಉಸಿರಿಗೆ ಅವಕಾಶ ಕೊಡುತ್ತದೆ, ಅಲ್ಲಿ ನಿಂತರೆ ಅರ್ಥ ಮುರಿಯುವುದಿಲ್ಲ. ಉದ್ದನೆಯ ಮಾತುಗಳನ್ನು ಹಿಂದಿನಿಂದ ಕಲಿಯುವ ಅಭ್ಯಾಸವೂ ಇದೆ. ಮೊದಲು ಕೊನೆಯ ಪದ, ಬಳಿಕ ಕೊನೆಯ ಎರಡು ಪದಗಳು, ಹೀಗೆ ಹಿಂದಕ್ಕೆ ಬೆಳೆಸುತ್ತ ಹೋದರೆ ವಾಕ್ಯದ ಬಾಲವೇ ಬಾಯಿಗೆ ಹೆಚ್ಚು ಪರಿಚಿತವಾಗುತ್ತದೆ. ತಾಲೀಮಿನ ಕೊನೆಯ ವಾರದಲ್ಲಿ ತಂಡದ ಯಾರನ್ನಾದರೂ ಹಿಂದಿನ ಸಾಲಿನಲ್ಲಿ ಕೂರಿಸಿ, ಅಭಿನಯದ ಬಗ್ಗೆ ಏನೂ ಹೇಳದೆ, ಯಾವ ಯಾವ ವಾಕ್ಯದ ಕೊನೆ ಕೇಳಿಸಲಿಲ್ಲ ಎಂಬುದನ್ನು ಮಾತ್ರ ಬರೆದುಕೊಡುವಂತೆ ಬೇಡಿಕೊಳ್ಳುತ್ತೇನೆ. ಆ ಚೀಟಿಯಷ್ಟು ನನಗೆ ಕಲಿಸಿದ್ದು ಬೇರೊಂದಿಲ್ಲ.

ಉಚ್ಚಾರಕ್ಕೂ ದಿನಕ್ಕೆ ಹತ್ತು ನಿಮಿಷ ಕೊಡಬೇಕು. ‘ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತ್ತಿತ್ತು’ ಎಂದು ಚಿಕ್ಕಂದಿನಲ್ಲಿ ಆಟಕ್ಕೆ ಹೇಳುತ್ತಿದ್ದದ್ದನ್ನು ಮೊದಲು ನಿಧಾನವಾಗಿ, ಅನಂತರ ವೇಗವಾಗಿ ಹೇಳಿದರೆ ನಾಲಗೆ ಎಚ್ಚರಗೊಳ್ಳುತ್ತದೆ. ಹಾಲು ಆಲಾಗುವುದು, ಣಕಾರ ನಕಾರವಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು ಆಡುಮಾತಿನಲ್ಲಿ ತಪ್ಪೇನಲ್ಲ, ಪಾತ್ರದ ಊರು ಹಾಗಿದ್ದರೆ ಅದೇ ಸರಿ. ಆದರೆ ಅದು ನಟ ಆರಿಸಿಕೊಂಡದ್ದಾಗಿರಬೇಕು. ರನ್ನನ ಪದ್ಯವನ್ನೂ ಸಂತೆಯ ಜಗಳವನ್ನೂ ಒಂದೇ ನಾಲಗೆ ನುಡಿಯಬೇಕಾದ ನಾಟಕಗಳು ನಮ್ಮಲ್ಲಿವೆ.

ಕಂಠದ ಆರೈಕೆಯ ಬಗ್ಗೆ ಪ್ರತಿಯೊಬ್ಬರ ಬಳಿಯೂ ಒಂದೊಂದು ಮನೆಮದ್ದು ಇರುತ್ತದೆ. ಕಲ್ಲುಸಕ್ಕರೆ, ಜ್ಯೇಷ್ಠಮಧು, ಕಾಳುಮೆಣಸಿನ ಕಷಾಯ ಇವು ಯಾವುದಕ್ಕೂ ನನ್ನ ವಿರೋಧವಿಲ್ಲ. ಆದರೆ ಕುಡಿದದ್ದು ಅನ್ನನಾಳದಲ್ಲಿ ಇಳಿಯುತ್ತದೆ, ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ. ದೇಹಕ್ಕೆ ನೀರು ಸೇರಿ ಅಲ್ಲಿಗೆ ತಲಪಲು ಹೊತ್ತು ಬೇಕಾದ್ದರಿಂದ, ಸಂಜೆಯ ಪ್ರದರ್ಶನಕ್ಕೆ ಬೆಳಗಿನಿಂದಲೇ ನೀರು ಕುಡಿಯುತ್ತಿರಬೇಕು. ಗಂಟಲು ಕಟ್ಟಿದಂತಾದಾಗ ಕ್ಯಾಕರಿಸುವುದರಿಂದ ತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಕೆರಳುತ್ತವೆ, ಅದರ ಬದಲು ಒಂದು ಗುಟುಕು ನೀರು ನುಂಗಿ ಬಾಯಿ ಮುಚ್ಚಿ ಮೆಲ್ಲಗೆ ಗುಂಯ್‌ಗುಡಬೇಕು. ಊರೂರು ತಿರುಗುವ ತಂಡಗಳಲ್ಲಿ ಸಂಘಟಕರು ಪ್ರೀತಿಯಿಂದ ತಂದುಕೊಡುವ ಸಂಜೆಯ ಮೆಣಸಿನಕಾಯಿ ಬಜ್ಜಿಯೂ, ಪ್ರದರ್ಶನ ಮುಗಿದು ರಾತ್ರಿ ಹನ್ನೊಂದರ ಮೇಲೆ ಹೊಟ್ಟೆ ಬಿರಿಯುವಂತೆ ಉಂಡು ಬಸ್ಸಿನಲ್ಲಿ ಒರಗುವುದೂ ಸೇರಿ ಮರುದಿನ ಬೆಳಿಗ್ಗೆ ಹುಳಿತೇಗಾಗಿ, ಒಡಕು ದನಿಯಾಗಿ ಹೊರಬರುತ್ತವೆ. ರಾತ್ರಿ ಅರ್ಧಹೊಟ್ಟೆ ಉಣ್ಣುವುದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ದನಿ ಒಡೆದು ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರ ಬಳಿಗೆ ಹೋಗಲೇಬೇಕು. ಗಂಟಲನ್ನು ಮರಗಟ್ಟಿಸುವ ಗುಳಿಗೆ ಚೀಪಿ ಕೂಗುವುದೆಂದರೆ ನೋವಿನ ಎಚ್ಚರಿಕೆಯನ್ನು ಅಡಗಿಸಿ ಗಾಯವನ್ನು ದೊಡ್ಡದು ಮಾಡಿಕೊಂಡಂತೆ.

1985ರಿಂದ ಹೆಗ್ಗೋಡಿನ ನೀನಾಸಮ್ ತಿರುಗಾಟವೂ, ಆಮೇಲೆ ಸಾಣೇಹಳ್ಳಿಯ ಶಿವಸಂಚಾರವೂ ನಾಟಕಗಳನ್ನು ಬಸ್ಸಿಗೇರಿಸಿ ರಾಜ್ಯದ ಮೂಲೆಮೂಲೆಗೆ ಒಯ್ದದ್ದರಿಂದ, ಇಂದು ಸಭಾಭವನ, ನಾಳೆ ಶಾಲೆಯ ಮೈದಾನ, ನಾಡಿದ್ದು ಕಲ್ಯಾಣಮಂಟಪ ಎಂಬ ಬದುಕು ನಮ್ಮಲ್ಲಿ ನಟನೆಯ ಒಂದು ಪಾಠಶಾಲೆಯೇ ಆಗಿದೆ. ಹಾಗಾಗಿ ಹೊಸ ಜಾಗಕ್ಕೆ ಹೋದೊಡನೆ ರಂಗವನ್ನು ನಡೆದು ನೋಡುವುದನ್ನು ನಾನು ಯಾವ ಕಾರಣಕ್ಕೂ ತಪ್ಪಿಸುವುದಿಲ್ಲ. ಒಂದು ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆಯ ಹಲಗೆಗಳಿಂದ ಕಟ್ಟಿದ್ದ ವೇದಿಕೆಯ ಮೇಲೆ ಮೊಳೆಯೊಂದು ಎದ್ದು ನಿಂತಿತ್ತು. ತಡವಾಗಿ ತಲಪಿದ್ದ ನಾವು ನೋಡಿರಲಿಲ್ಲ. ಎರಡನೇ ದೃಶ್ಯದಲ್ಲಿ ಅದು ನನ್ನ ಅಂಗಾಲಿಗೆ ಇಳಿಯಿತು, ಉಳಿದ ಒಂದು ಗಂಟೆಯನ್ನು ರಕ್ತದ ಹೆಜ್ಜೆಗಳಲ್ಲೇ ಮುಗಿಸಿ ರಾತ್ರಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡೆ. ಅಂದಿನಿಂದ ಚಪ್ಪಲಿ ಹಾಕಿಕೊಂಡು ಒಂದು ಸುತ್ತು ಪರೀಕ್ಷಿಸಿ, ಅನಂತರ ಬರಿಗಾಲಲ್ಲಿ ಮತ್ತೊಂದು ಸುತ್ತು ನಡೆಯುತ್ತೇನೆ. ಒಂದು ಸಣ್ಣ ಇಕ್ಕಳ ಚೀಲದಲ್ಲಿ ಸದಾ ಇರುತ್ತದೆ. ರಂಗದ ನಡುವಿನಿಂದ ವಿಂಗಿಗೆ, ಅಂದರೆ ರಂಗದ ಪಕ್ಕದ ಮರೆಗೆ, ಎಷ್ಟು ಹೆಜ್ಜೆ ಎಂದು ಎಣಿಸಿಕೊಳ್ಳುತ್ತೇನೆ. ದೀಪ ಆರುವ ಸ್ವಲ್ಪ ಮುಂಚೆ, ಪ್ರೇಕ್ಷಕರಿಗೆ ಕಾಣದಂತೆ ಮುಖ ತಿರುಗಿಸಲು ಸಾಧ್ಯವಾದರೆ, ಒಂದು ಕಣ್ಣನ್ನು ಮುಚ್ಚಿಕೊಳ್ಳುವುದು ಒಳ್ಳೆಯ ಉಪಾಯ. ಕತ್ತಲಾದಾಗ ಆ ಕಣ್ಣು ಬೇಗ ದಾರಿ ಕಾಣುತ್ತದೆ.

ಚೀಲದಲ್ಲಿ ಇಕ್ಕಳದ ಜೊತೆಗೆ ಸೂಜಿದಾರ, ಪಿನ್ನುಗಳು, ಪುಟ್ಟ ಟಾರ್ಚ್, ಹತ್ತಿಯ ಟವೆಲ್, ಕೊಬ್ಬರಿ ಎಣ್ಣೆ, ಮಂಡಿಪಟ್ಟಿ ಇರುತ್ತವೆ. ಪ್ರಸಾಧನದ ಸಾಮಗ್ರಿಯನ್ನು ತಂಡ ಕೊಡುತ್ತದೆ ನಿಜ, ಆದರೆ ಕಣ್ಣಿಗೆ ಹಚ್ಚುವ ಕಾಡಿಗೆ, ಕುಂಚ ಮತ್ತು ಸ್ಪಂಜು ಪ್ರತಿಯೊಬ್ಬರಿಗೂ ಬೇರೆಬೇರೆ ಇರಲೇಬೇಕು. ಒಬ್ಬರಿಗೆ ಬಂದ ಕಣ್ಣುಬೇನೆ ಒಂದೇ ಕಾಡಿಗೆಯ ಕಡ್ಡಿಯಿಂದ ಐವರಿಗೆ ಹರಡಿ ಎರಡು ಪ್ರದರ್ಶನ ನಿಂತದ್ದನ್ನು ಕಂಡಿದ್ದೇನೆ. ಹೊಸ ಬಣ್ಣವನ್ನು ಹಿಂದಿನ ದಿನವೇ ಮುಂಗೈಯ ಒಳಭಾಗಕ್ಕೆ ಹಚ್ಚಿ ನೋಡಬೇಕು. ಅಂಟಿಸಿದ ಮೀಸೆಯನ್ನು ಎಳೆದು ಕೀಳದೆ ಅಂಚನ್ನು ನೆನೆಸಿ ಬಿಡಿಸಬೇಕು.

ಪರಿಕರಗಳ ವಿಷಯದಲ್ಲಿ ನನ್ನ ನಿಯಮ ಎರಡೇ. ನನ್ನದನ್ನು ನಾನೇ ನೋಡಿಕೊಳ್ಳುತ್ತೇನೆ, ಇನ್ನೊಬ್ಬರದನ್ನು ಮುಟ್ಟುವುದಿಲ್ಲ. ರಂಗದ ಮೇಲೆ ಓದಬೇಕಾದ ಓಲೆಯನ್ನೂ ಬಾಯಿಪಾಠ ಮಾಡಿಕೊಂಡಿರುತ್ತೇನೆ, ಏಕೆಂದರೆ ಕಾಗದ ಕಳೆಯುತ್ತದೆ.

ಇನ್ನು ದಿನಾಂಕದ ಡೈರಿ. ಇದನ್ನು ಸಾಧನವೆಂದು ಯಾರೂ ಎಣಿಸುವುದಿಲ್ಲ, ಆದರೆ ಬೆಂಗಳೂರಿನಲ್ಲಿ ಹಗಲು ಉದ್ಯೋಗ, ಸಂಜೆ ತಾಲೀಮು, ನಡುವೆ ಧಾರಾವಾಹಿಯ ಚಿತ್ರೀಕರಣ ಎಂದು ಬದುಕುವ ನಟರಿಗೆ ಇದಕ್ಕಿಂತ ಮುಖ್ಯವಾದದ್ದು ಕಡಿಮೆ. ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ‘ಶೂಟಿಂಗ್ ಬಿದ್ದಿದೆ’ ಎಂದು ಹೊರಟುಹೋದ ಸಹನಟರೊಬ್ಬರ ಪಾತ್ರವನ್ನು ಮೂರು ರಾತ್ರಿಗಳಲ್ಲಿ ಕಲಿತು ಮಾಡಿದ್ದೇನೆ. ಅವರಿಗೆ ಹಣದ ಅಗತ್ಯವಿತ್ತು, ಅದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಎರಡು ತಿಂಗಳು ಅವರೊಂದಿಗೆ ಅಭ್ಯಾಸ ಮಾಡಿದ ಹತ್ತು ಜನರ ಶ್ರಮ ಅಂದು ಅರ್ಧಕ್ಕಿಳಿಯಿತು ಎಂಬ ನೋವು ಇನ್ನೂ ಹೋಗಿಲ್ಲ. ಕೊಟ್ಟ ದಿನಾಂಕವನ್ನು ಕೊಟ್ಟ ಮಾತೆಂದೇ ನಾನು ತಿಳಿದಿದ್ದೇನೆ, ಆದ್ದರಿಂದ ಡೈರಿ ನೋಡದೆ ಯಾರಿಗೂ ‘ಆಯ್ತು’ ಎನ್ನುವುದಿಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಂಗಶಂಕರ ರಂಗಮಂದಿರದಲ್ಲಿ ನಾಟಕ ಆರಂಭವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಪ್ರೇಕ್ಷಕರು ಒಪ್ಪಿ ಪಾಲಿಸುತ್ತ ಬಂದಿದ್ದಾರೆ. ದುಡ್ಡು ಕೊಟ್ಟು ಬರುವವರು ಅಷ್ಟು ಶಿಸ್ತು ತೋರಿಸುವಾಗ, ತಾಲೀಮಿಗೆ ಅರ್ಧ ಗಂಟೆ ತಡವಾಗಿ ಬಂದು ಟ್ರಾಫಿಕ್ಕಿನ ಹೆಸರು ಹೇಳಲು ನಟರಾದ ನಮಗೆ ಮುಖವಿರಬಾರದು.

ಪ್ರದರ್ಶನ ಮುಗಿದ ಮೇಲೆ ಎಣ್ಣೆ ಹಚ್ಚಿ ಬಣ್ಣ ತೆಗೆದು, ಬೆವರಿನ ಉಡುಪನ್ನು ಮುದ್ದೆ ಮಾಡದೆ ಗಾಳಿಗೆ ಹರವಿ, ರಂಗಸಜ್ಜಿಕೆ ಕಳಚುವವರ ಜೊತೆ ಕೈಜೋಡಿಸಬೇಕು. ರಾಜನ ಪಾತ್ರ ಮಾಡಿದವರೂ ದೀಪದ ಪೆಟ್ಟಿಗೆ ಹೊರುವುದು ತಿರುಗಾಟದ ತಂಡಗಳಲ್ಲಿ ಹೊಸದಲ್ಲ. ಬಸ್ಸು ಹೊರಟ ಮೇಲೆ ಟಾರ್ಚಿನ ಬೆಳಕಿನಲ್ಲಿ ನೋಟ್‌ಬುಕ್ ತೆರೆದು ಅಂದಿನದನ್ನು ಎರಡು ಸಾಲು ಬರೆಯುತ್ತೇನೆ. ಕಳೆದ ವಾರದ ಬರಹ ಹೀಗಿದೆ: ‘ಮೂರನೇ ದೃಶ್ಯದ ಕೊನೆಯ “ಇಲ್ಲ” ಕೇಳಿಸಲಿಲ್ಲ ಎಂದು ಲೈಟ್ಸ್ ಹುಡುಗ ಹೇಳಿದ. “ನೋಡಿ” ಆದ ಮೇಲೆ ಉಸಿರು ತೆಗೆದುಕೊಳ್ಳಬೇಕು.’