ಬಾಸ್ಟನ್ ಸ್ಟಂಪ್ ನೋಡಲು ಹೋಗುವವರಿಗೆ

ಬಾಸ್ಟನ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ಅಮೆರಿಕ ನೆನಪಾಗುತ್ತದೆ. ಆ ಊರಿಗೆ ಹೆಸರು ಕೊಟ್ಟ ಹಳೆಯ ಬಾಸ್ಟನ್ ಇರುವುದು ಇಂಗ್ಲೆಂಡಿನ ಪೂರ್ವ ಭಾಗದ ಲಿಂಕನ್‌ಶೈರ್‌ನಲ್ಲಿ. ಸಣ್ಣ ಪಟ್ಟಣ. ಅಲ್ಲಿಗೆ ಹೋಗಲು ಸೇಂಟ್ ಬಾಟಾಲ್ಫ್ ಚರ್ಚ್ ಒಂದೇ ಕಾರಣ ಸಾಕು. ಊರವರ ಬಾಯಲ್ಲಿ ಅದು 'ಸ್ಟಂಪ್'. ಕೆಥೆಡ್ರಲ್ ಅಲ್ಲ, ಬಿಷಪ್ ಪೀಠವೂ ಇಲ್ಲಿಲ್ಲ. ಊರಿನ ಜನರ ಪ್ಯಾರಿಷ್ ಚರ್ಚ್ ಅಷ್ಟೇ. ಆದರೂ ಗೋಪುರದ ಎತ್ತರ ಸುಮಾರು 266 ಅಡಿ!

ಲಂಡನ್‌ನಿಂದ ಹೋಗುವವರು ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿ ಗ್ರಾಂಥಮ್‌ನಲ್ಲಿ ಇಳಿಯಬೇಕು. ಅಲ್ಲಿಂದ ಸ್ಕೆಗ್‌ನೆಸ್ ಕಡೆಗೆ ಹೋಗುವ ಸಣ್ಣ ರೈಲು ಹಿಡಿದರೆ ಬಾಸ್ಟನ್‌ಗೆ ಇನ್ನೊಂದು ಗಂಟೆ ದಾರಿ. ಸ್ಕೆಗ್‌ನೆಸ್ ಬೀಚ್ ಇರುವ ಊರು. ಹಾಗಾಗಿ ಬೇಸಿಗೆಯ ಶನಿವಾರ ಈ ರೈಲಿನಲ್ಲಿ ಬಕೆಟ್, ಛತ್ರಿ, ಮಕ್ಕಳ ಸಮೇತ ಜನ ತುಂಬಿರುತ್ತಾರೆ. ಸಾಧ್ಯವಾದರೆ ಬುಧವಾರ ಹೋಗಿ. ಅವತ್ತು ಚರ್ಚ್ ಪಕ್ಕದ ಚೌಕದಲ್ಲಿ ಸಂತೆಯೂ ಇರುತ್ತದೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತು, ಸುತ್ತಾಡಲು ಆಗುವುದಿಲ್ಲ. ಮತ್ತೆ, ಜಾಕೆಟ್ ಮರೆಯಬೇಡಿ. ಅಲ್ಲಿನ ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಗಾಳಿಗೆ ಅಡ್ಡ ಏನೂ ಇಲ್ಲ.

ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೆ. ನೇರ ಒಳಗೆ ನುಗ್ಗಬೇಡಿ. ಮೊದಲು ವಿದಮ್ ನದಿಯ ಆಚೆ ದಡಕ್ಕೆ ಹೋಗಿ ನಿಂತು ನೋಡಿ. ಗೋಪುರ ನದಿಯ ಅಂಚಿಗೇ ಎದ್ದಿದೆ. ಕೆಳಗೆಲ್ಲ ಮೆತ್ತನೆ ಜೌಗು ಮಣ್ಣು. ಇಂಥ ನೆಲದ ಮೇಲೆ ಇಷ್ಟು ಭಾರದ ಕಲ್ಲು ಪೇರಿಸುವ ಧೈರ್ಯ ಎಲ್ಲಿಂದ ಬಂತು? ದುಡ್ಡಿನಿಂದ. ಉಣ್ಣೆಯ ದುಡ್ಡು. ಬಾಸ್ಟನ್ ಆಗ ಉಣ್ಣೆ ಹೊರದೇಶಕ್ಕೆ ಹೋಗುವ ದೊಡ್ಡ ಬಂದರು. 1204ರಲ್ಲಿ ಬಂದರುಗಳಿಂದ ರಾಜನಿಗೆ ಸಂದ ತೆರಿಗೆಯಲ್ಲಿ ಲಂಡನ್ ಪಾಲು 836 ಪೌಂಡ್, ಬಾಸ್ಟನ್ ಪಾಲು 780 ಪೌಂಡ್. ಜರ್ಮನಿಯ ಹಾನ್ಸಾ ಎಂಬ ವರ್ತಕರ ಒಕ್ಕೂಟದ ವ್ಯಾಪಾರಿಗಳು ಇಲ್ಲೇ ಬಂದು ನೆಲೆಸಿದ್ದರು. ಅವರಲ್ಲಿ ಒಬ್ಬನ ಗೋರಿಗಲ್ಲು ಚರ್ಚಿನೊಳಗೆ ಇವತ್ತಿಗೂ ಇದೆ. 1340ರಲ್ಲಿ ತೀರಿಕೊಂಡ ಅವನು ಮ್ಯೂನ್‌ಸ್ಟರ್ ಊರಿನವನು.

ಕಟ್ಟಡ ಶುರುವಾದದ್ದು 1309ರಲ್ಲಿ. ಜನ ಕೂರುವ ದೊಡ್ಡ ಹಜಾರ ಮುಗಿಯುವಾಗ 14ನೇ ಶತಮಾನ ಕೊನೆಗೆ ಬಂದಿತ್ತು. ಗೋಪುರ ಏಳುತ್ತಾ ಹೋದದ್ದು 15ನೇ ಶತಮಾನದಲ್ಲಿ. ತುದಿಯಲ್ಲಿ ಕಿಟಕಿಗಳಿರುವ ಎಂಟು ಮೂಲೆಯ ಮಂಟಪ, ಅಂದರೆ ಲ್ಯಾಂಟರ್ನ್, ಪೂರ್ತಿಯಾಗುವಾಗ 16ನೇ ಶತಮಾನವೇ ಬಂತು. ಈ ಅಂತರ ಕಿಟಕಿಗಳಲ್ಲಿ ಕಾಣುತ್ತದೆ. ಹಜಾರದ ಕಿಟಕಿಗಳ ಮೇಲ್ಭಾಗದಲ್ಲಿ ಕಲ್ಲಿನ ಗೆರೆಗಳು ಬಳ್ಳಿಯಂತೆ ಬಾಗುತ್ತವೆ. ಅದು ಡೆಕೊರೇಟೆಡ್ ಶೈಲಿ. ಗೋಪುರಕ್ಕೆ ಬಂದರೆ ಎಲ್ಲವೂ ನೆಟ್ಟಗೆ ಮೇಲಕ್ಕೆ ಓಡುವ ಗೆರೆಗಳು. ಅದು ಪರ್ಪೆಂಡಿಕ್ಯುಲರ್. ತಮಾಷೆ ಅಂದರೆ, ಗೋಪುರ ಮುಗಿಯುವ ಹೊತ್ತಿಗೆ ಊರಿನ ಉಣ್ಣೆ ವ್ಯಾಪಾರ ಇಳಿಯುತ್ತಾ ಬಂದಿತ್ತು.

ಒಳಗೆ ಹೋದ ಮೇಲೆ ಗೋಪುರದ ಕೆಳಗೆ ನಿಂತು ತಲೆ ಎತ್ತಿ. ಕಲ್ಲಿನ ಚಾವಣಿ 137 ಅಡಿ ಮೇಲಿದೆ. ಈ ಚಾವಣಿ ಮಾತ್ರ 19ನೇ ಶತಮಾನದ್ದು.

ಇಲ್ಲಿ 365 ಮೆಟ್ಟಿಲು, 52 ಕಿಟಕಿ, 12 ಕಂಬ, 7 ಬಾಗಿಲು ಇವೆ, ಇದು ವರ್ಷದ ಲೆಕ್ಕ ಅಂತ ಎಲ್ಲರೂ ಹೇಳುತ್ತಾರೆ. ಮಕ್ಕಳಿದ್ದರೆ ಎಣಿಸಲಿ, ಚೆನ್ನಾಗಿರುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಗಾಯಕರ ಸಾಲಿನ ಮಡಚುವ ಆಸನಗಳು. ಅವಕ್ಕೆ ಮಿಸೆರಿಕಾರ್ಡ್ ಅಂತ ಹೆಸರು. ಕಾಲ ಸುಮಾರು 1390. ದೀರ್ಘ ಪ್ರಾರ್ಥನೆಯಲ್ಲಿ ನಿಂತೇ ಇರಬೇಕಾದ ಪಾದ್ರಿಗಳು ಸುಮ್ನೆ ಒರಗಿಕೊಳ್ಳಲಿ ಅಂತ ಆಸನದ ಅಡಿಗೆ ಮುಂದಕ್ಕೆ ಚಾಚಿದ ಒಂದು ಸಣ್ಣ ಹಲಗೆ. ಆ ಹಲಗೆಯ ಕೆಳಗೆ ಬಡಗಿಗಳು ಮನಸ್ಸಿಗೆ ಬಂದದ್ದನ್ನೆಲ್ಲ ಕೆತ್ತಿದ್ದಾರೆ. ಒಂದರಲ್ಲಿ ಕರಡಿ ಆರ್ಗನ್ ಬಾರಿಸುತ್ತದೆ. ಇನ್ನೊಂದರಲ್ಲಿ ಮೇಷ್ಟ್ರು ಹುಡುಗನಿಗೆ ಬೆತ್ತದ ಏಟು ಕೊಡುತ್ತಿದ್ದಾರೆ, ಹುಡುಗ ಪುಸ್ತಕ ಅಡ್ಡ ಹಿಡಿದಿದ್ದಾನೆ. ಆಸನ ಎತ್ತುವ ಮುಂಚೆ ಅಲ್ಲಿನ ಸ್ವಯಂಸೇವಕರನ್ನು ಕೇಳಿ. ಅವರೇ ಬಂದು ಒಳ್ಳೆಯವನ್ನು ಆರಿಸಿ ತೋರಿಸುತ್ತಾರೆ.

1612ರ ಮರದ ಪ್ರವಚನ ಪೀಠವನ್ನೂ ನೋಡಿ. ಆ ವರ್ಷವೇ ಇಲ್ಲಿಗೆ ಪಾದ್ರಿಯಾಗಿ ಬಂದವರು ಜಾನ್ ಕಾಟನ್. ಚರ್ಚಿನ ಆಚರಣೆಗಳಿಗೆ ತಕರಾರು ತೆಗೆದು, ಕೊನೆಗೆ 1633ರಲ್ಲಿ ಅಮೆರಿಕಕ್ಕೆ ಹೊರಟರು. ಅಲ್ಲಿನ ಬಾಸ್ಟನ್‌ಗೆ ಆ ಹೆಸರು ಇಟ್ಟವರು ಇವರೇ ಅಂದುಕೊಳ್ಳುವವರಿದ್ದಾರೆ. ಅದು ಸರಿಯಲ್ಲ. ಹೆಸರು 1630ರಲ್ಲೇ ಬಂದಿತ್ತು. ಆದರೆ ನಂಟು ಉಳಿಯಿತು. 1857ರಲ್ಲಿ ಚರ್ಚಿನೊಳಗೆ ಕಾಟನ್ ಹೆಸರಿನ ಚಾಪೆಲ್ (ಸಣ್ಣ ಪ್ರಾರ್ಥನಾ ಕೋಣೆ) ರಿಪೇರಿಗೆ ಆ ಬಾಸ್ಟನ್‌ನವರೇ ದುಡ್ಡು ಕಳಿಸಿದರು.

ಗೋಪುರ ಹತ್ತುವುದಕ್ಕೆ ಬೇರೆ ಟಿಕೆಟ್. ತುದಿಯವರೆಗೆ ಬಿಡುವುದಿಲ್ಲ, ಮೊದಲ ಬಾಲ್ಕನಿವರೆಗೆ ಮಾತ್ರ. ಅದಕ್ಕೇ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಸುರುಳಿ ಮೆಟ್ಟಿಲು, ತುಂಬಾ ಇಕ್ಕಟ್ಟು. ಮಂಡಿ ನೋವಿದ್ದವರು ಕೆಳಗೇ ಇರಿ. ಗಾಳಿ ಜೋರಿದ್ದರೆ ಮುಚ್ಚಿಬಿಡುತ್ತಾರೆ. ಅದಕ್ಕೆ ಹೊರಡುವ ಮುಂಚೆ ವಿಚಾರಿಸಿ. ಆಕಾಶ ತಿಳಿಯಾಗಿದ್ದರೆ ದೂರದ ಲಿಂಕನ್ ಊರಿನ ಕೆಥೆಡ್ರಲ್ ಕಾಣುತ್ತದೆ.

ಹೊರಬರುವಾಗ ಗೋಪುರದ ಬುಡದಲ್ಲಿ ಪ್ರವಾಹದ ಗುರುತುಗಳನ್ನು ನೋಡಿ. 1953, 1978, 2013. ಕೊನೆಯದರಲ್ಲಿ, ಡಿಸೆಂಬರ್ 5ರ ರಾತ್ರಿ, ನೀರು ಚರ್ಚಿನೊಳಕ್ಕೇ ನುಗ್ಗಿತ್ತು.

ಊಟಕ್ಕೆ ಒಳಗಿನ ಕಾಫಿ ಅಂಗಡಿ ಸಾಕು. ಸಸ್ಯಾಹಾರಿಗಳಿಗೆ ಜಾಸ್ತಿ ಆಯ್ಕೆ ನಿರೀಕ್ಷಿಸಬೇಡಿ. ವೆಸ್ಟ್ ಸ್ಟ್ರೀಟ್‌ನಲ್ಲಿ ಪೋಲೆಂಡ್, ಲಿಥುವೇನಿಯಾದವರ ಅಂಗಡಿಗಳಿವೆ, ಅಲ್ಲಿನ ಬ್ರೆಡ್ ಚೆನ್ನಾಗಿರುತ್ತದೆ. ಹಳೆಯ ಸಂಘವೊಂದರ ಕಟ್ಟಡ ಗಿಲ್ಡ್‌ಹಾಲ್, ಈಗ ಮ್ಯೂಸಿಯಂ, ಹತ್ತಿರದಲ್ಲೇ ಇದೆ. ಹಾಲೆಂಡಿಗೆ ತಪ್ಪಿಸಿಕೊಂಡು ಹೋಗಲು ಹೊರಟ ಪಿಲ್‌ಗ್ರಿಮ್‌ಗಳನ್ನು, ಅಂದರೆ ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾದ ಪಂಗಡದವರನ್ನು, 1607ರಲ್ಲಿ ಕೂಡಿಹಾಕಿದ ಕೋಣೆಗಳು ಅಲ್ಲಿವೆ. ವಾರದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತದೆ.

ಅದೇ ದಿನ ಲಿಂಕನ್ ಕೂಡ ಸೇರಿಸುವ ಆಸೆ ಬೇಡ, ಎರಡೂ ಅರ್ಧಂಬರ್ಧ ಆಗುತ್ತವೆ. ಸಮಯ ಉಳಿದರೆ ವಾಪಸ್ ಬರುವಾಗ ಅದೇ ರೈಲು ದಾರಿಯಲ್ಲಿ ಹೆಕಿಂಗ್ಟನ್‌ನಲ್ಲಿ ಇಳಿಯಿರಿ. ಎಂಟು ರೆಕ್ಕೆಯ ಗಾಳಿ ಗಿರಣಿ ಸ್ಟೇಷನ್ ಪಕ್ಕದಲ್ಲೇ ಇದೆ. ಊರೊಳಗಿನ ಸೇಂಟ್ ಆ್ಯಂಡ್ರೂ ಚರ್ಚ್‌ನ ಕಿಟಕಿ ಕೆಲಸ ಡೆಕೊರೇಟೆಡ್ ಶೈಲಿಯಲ್ಲಿ ಬಾಸ್ಟನ್‌ಗಿಂತ ಒಂದು ಕೈ ಮೇಲೆ. ಇಳಿಯುವ ಮೊದಲು ಮುಂದಿನ ರೈಲು ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ.