ಈರುಳ್ಳಿ ಸಿಪ್ಪೆ ಬಣ್ಣದ ಗೋಡೆ

"ಏನಮ್ಮಾ ಇದು, ಗೋಡೆಗೆ ಈರುಳ್ಳಿ ಸಿಪ್ಪೆ ಬಣ್ಣ ಬಂದಿದೆ?"

ಎರಡನೇ ಕೋಟ್ ಹೊಡೆದ ಮಾರನೇ ಬೆಳಿಗ್ಗೆ, ಸರಸ್ವತಿಪುರಂನ ಒಂದು ಹಳೇ ಮನೆಯ ಬಾಗಿಲಲ್ಲೇ ನನಗೆ ಸಿಕ್ಕ ಸ್ವಾಗತ ಇದು. ಮೈಸೂರಿನಲ್ಲಿ ಮನೆ ಅಲಂಕಾರದ ಕೆಲಸ ಶುರು ಮಾಡಿ ಆಗ ಮೂರು ವರ್ಷವಾಗಿತ್ತು. ಆ ಮನೆಯಲ್ಲಿ ಇರುವವರು ಎಪ್ಪತ್ತು ದಾಟಿದ ಅಮ್ಮ ಒಬ್ಬರೇ. ಕೆಲಸ ಕೊಟ್ಟಿದ್ದು ಬೆಂಗಳೂರಿನಲ್ಲಿರುವ ಮಗ. "ಎಲ್ಲ ನ್ಯೂಟ್ರಲ್ ಇರಲಿ ಮೇಡಂ" ಎಂದು ಹೇಳಿ ಫೋನಿಗೆ ನಲವತ್ತು ಫೋಟೋ ಕಳಿಸಿದ್ದರು. ಎಲ್ಲದರಲ್ಲೂ ಗ್ರೇ ಗೋಡೆ, ಬಿಳಿ ಸೋಫಾ, ಮೂಲೆಯಲ್ಲೊಂದು ಒಣಹುಲ್ಲಿನ ಹೂದಾನಿ. ನಾನೂ ಶೇಡ್ ಕಾರ್ಡ್ ತೆಗೆದು ಒಂದು ತಿಳಿ ಗ್ರೇ ಆರಿಸಿಬಿಟ್ಟೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಂತು.

ಒಳಗೆ ಹೋಗಿ ನೋಡಿದರೆ ಅಮ್ಮ ಹೇಳಿದ್ದು ನಿಜ. ಗೋಡೆಯ ಕೆಳಗಿನ ಮೂರಡಿ ಅಪ್ಪಟ ಈರುಳ್ಳಿ ಸಿಪ್ಪೆ. ಮೇಲೆ ಹೋದಂತೆ ಸ್ವಲ್ಪ ತಿಳಿ. ಪೇಂಟಿಂಗ್ ಮೇಸ್ತ್ರಿ "ಇನ್ನೂ ಸರಿಯಾಗಿ ಒಣಗಿಲ್ಲ ಮೇಡಂ, ನಾಳೆ ಸರಿಹೋಗುತ್ತೆ" ಎಂದರು. ಮರುದಿನ ಸಂಜೆ ಹೋಗಿ ಲೈಟ್ ಹಾಕಿದಾಗ ಇನ್ನೂ ಎದ್ದು ಕಂಡಿತು.

ತಪ್ಪು ಬಣ್ಣದ ಡಬ್ಬಿಯದ್ದಲ್ಲ. ನೆಲ ನೋಡದೆ ಗೋಡೆಗೆ ಬಣ್ಣ ಆರಿಸಿದ್ದು ನನ್ನ ತಪ್ಪು. ಆ ಮನೆಯದು ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ತಿಕ್ಕಿ ತಿಕ್ಕಿ ಹೊಳಪು ತಂದದ್ದು. ವರ್ಷಗಟ್ಟಲೆ ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾಗಿತ್ತು. ಪೂರ್ವದ ಕಿಟಕಿಯಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಅಲ್ಲಿಂದ ಕೆಂಪು ಹೊತ್ತುಕೊಂಡು ಗೋಡೆಗೆ ಚಿಮ್ಮುತ್ತದೆ. ನಾನು ಆರಿಸಿದ ಗ್ರೇಯಲ್ಲಿ ಕಣ್ಣಿಗೆ ಕಾಣದಷ್ಟು ನೀಲಿ ಇತ್ತು. ನೀಲಿಗೆ ಕೆಂಪು ಸೇರಿದರೆ ಏನಾಗುತ್ತದೆ ಎಂದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ರಾತ್ರಿಯದು ಇನ್ನೊಂದು ಕಥೆ. ಹಾಲ್‌ನಲ್ಲಿ ಇದ್ದದ್ದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಇದು) ಬಿಳಿ ಎಲ್‌ಇಡಿ ಟ್ಯೂಬ್. ಅದರ ಬೆಳಕಲ್ಲೇ ನೀಲಿ ಜಾಸ್ತಿ.

ಗ್ರೇ, ಆಫ್ ವೈಟ್, ಕ್ರೀಂ ಇಂಥವನ್ನು ಸುಮ್ನೆ ಇರುವ ಬಣ್ಣಗಳು ಎಂದುಕೊಂಡಿದ್ದೆ. ಅವು ಎಲ್ಲಕ್ಕಿಂತ ಚಾಡಿಕೋರ ಬಣ್ಣಗಳು. ನೆಲದಲ್ಲಿ ಏನಿದೆ, ಕಿಟಕಿಯಾಚೆ ಮಾವಿನ ಮರ ಇದೆಯಾ, ಪಕ್ಕದ ಮನೆಯವರು ಕಾಂಪೌಂಡಿಗೆ ಏನು ಬಳಿದಿದ್ದಾರೆ, ಎಲ್ಲ ಗೋಡೆ ಮೇಲೆ ಹೇಳಿಬಿಡುತ್ತವೆ. ಗಾಢ ಹಸಿರು ಬಳಿದಿದ್ದರೆ ಇಷ್ಟು ಗೊತ್ತಾಗುತ್ತಲೇ ಇರಲಿಲ್ಲ.

ಸರಿಯಾದ ಬಣ್ಣ ಸಿಕ್ಕಿದ್ದು ಸ್ವಿಚ್‌ಬೋರ್ಡ್ ಹಿಂದೆ. ಎಲೆಕ್ಟ್ರಿಷಿಯನ್ ಹಳೇ ಮರದ ಬೋರ್ಡ್ ಬಿಚ್ಚಿದಾಗ ಅಂಗೈಯಷ್ಟು ಜಾಗದಲ್ಲಿ ಮನೆಯ ಹಳೇ ಪದರಗಳೆಲ್ಲ ಕಂಡವು. ಮೇಲೆ ಹಸಿರು ಡಿಸ್ಟೆಂಪರ್, ಅದರ ಕೆಳಗೆ ಪಿಸ್ತಾ, ಎಲ್ಲಕ್ಕಿಂತ ಕೆಳಗೆ ಬೆಣ್ಣೆ ಬಣ್ಣದ ಸುಣ್ಣ. "ನಮ್ಮತ್ತೆ ಕಾಲದ್ದು ಅದು. ಸುಣ್ಣಕ್ಕೆ ಚಿಟಿಕೆ ಹಳದಿ ಪುಡಿ ಹಾಕಿಸ್ತಿದ್ರು" ಎಂದರು ಅಮ್ಮ. ಆ ಚಕ್ಕೆ ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಹತ್ತಿರದ ಮೂರು ಶೇಡ್‌ಗಳ ಒಂದೊಂದು ಸಣ್ಣ ಡಬ್ಬಿ ತಂದು, ಎರಡಡಿ ಪ್ಲೈವುಡ್ ತುಂಡುಗಳಿಗೆ ಬಳಿದು, ಗೋಡೆಗೆ ಒರಗಿಸಿಟ್ಟೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕಿದ ಮೇಲೆ, ಹೀಗೆ ಎರಡು ದಿನ ನೋಡಿದೆವು. ಒಂದು ಹಲಗೆ ಮಧ್ಯಾಹ್ನಕ್ಕೇ ಸೋತಿತು. ಉಳಿದ ಎರಡರಲ್ಲಿ ಅಮ್ಮ ಆರಿಸಿದ್ದನ್ನು ಬಳಿಸಿದೆ. ಹಳದಿ ಬೆರೆತ ಆಫ್ ವೈಟ್ ಮೇಲೆ ಅದೇ ಕೆಂಪು ಬಿದ್ದರೆ ನೇರಳೆ ಬರಲಿಲ್ಲ, ಸಂಜೆ ಬಿಸಿಲಿನಂಥ ಬೆಚ್ಚನೆ ಬಣ್ಣ ಬಂತು. ಟ್ಯೂಬ್ ತೆಗೆಸಿ ಹಳದಿ ಬೆಳಕಿನ, 3000 ಕೆಲ್ವಿನ್‌ನದ್ದು ಹಾಕಿಸಿದೆ. ಎರಡನೇ ಸಲದ ಕೂಲಿ, ಬಣ್ಣ ಎರಡೂ ನನ್ನ ಜೇಬಿನಿಂದ.

ಗೋಡೆ ಆಯಿತು, ಚಿತ್ರಗಳ ಸರದಿ. ಮಗ ಕಳಿಸಿದ್ದು ಅಡ್ಡಾದಿಡ್ಡಿ ಗೆರೆಗಳ ಮೂರು ಪ್ರಿಂಟ್. ಮನೆಯಲ್ಲಿ ಆಗಲೇ ಇದ್ದದ್ದು ಮೈಸೂರು ಶೈಲಿಯ ಒಂದು ಪಟ್ಟಾಭಿಷೇಕದ ಚಿತ್ರ. ಬಾಗಿಲಿನ ಮೇಲೆ, ಎಂಟಡಿ ಎತ್ತರದಲ್ಲಿ, ಮುಂದಕ್ಕೆ ವಾಲಿಸಿ ನೇತುಹಾಕಿದ್ದರು. ತಂಜಾವೂರಿನ ಚಿತ್ರಗಳಲ್ಲಿ ಚಿನ್ನದ ಕೆಲಸ ಉಬ್ಬಿ ಎದ್ದು ಕಾಣುತ್ತದೆ. ನಮ್ಮದರಲ್ಲಿ ಉಬ್ಬು ತೀರಾ ಕಮ್ಮಿ, ಕುಸುರಿ ಜಾಸ್ತಿ. ಹತ್ತಿರದಿಂದ ನೋಡಿದರೇ ಅದರ ಬೆಲೆ. ಹಾಗಾಗಿ ಇಳಿಸೋಣ ಎಂದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚಿಗೆ ಬರಬೇಕು ಎಂದು ಗ್ಯಾಲರಿಗಳ ಲೆಕ್ಕ ಒಪ್ಪಿಸಿದೆ.

"ದೇವರನ್ನ ಸೊಂಟದ ಹತ್ರ ತರ್ತೀಯಾ? ಸೋಫಾದಲ್ಲಿ ಕೂತೋರ ತಲೆ ತಾಗಲ್ವಾ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗ್ಯಾಲರಿಯಲ್ಲಿ ಯಾರೂ ಚಿತ್ರಕ್ಕೆ ಕೈ ಮುಗಿಯುವುದಿಲ್ಲ, ಅಲ್ವಾ? ಕೊನೆಗೆ ಸೋಫಾ ಇಲ್ಲದ, ಯಾರೂ ಬೆನ್ನು ಹಾಕಿ ಕೂರದ ಉತ್ತರದ ಗೋಡೆ ಹುಡುಕಿದೆವು. ನಿಂತವರ ಕಣ್ಣಿಗಿಂತ ಒಂದು ಗೇಣು ಮೇಲೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಂಕರ್ ಬರೆದ ದೀಪದ ಮಹಿಳೆಯ ಚಿತ್ರವನ್ನು ಕತ್ತಲು ಕೋಣೆಯಲ್ಲಿ ಇಟ್ಟಿದ್ದಾರಲ್ಲ (ಅದನ್ನು ರವಿವರ್ಮನದ್ದು ಎನ್ನುವವರು ಈಗಲೂ ಸಿಗುತ್ತಾರೆ), ಸುತ್ತ ಮಬ್ಬಿದ್ದಾಗಲೇ ಆ ದೀಪದ ಕಳೆ. ಅದನ್ನು ನೆನೆದು ಈ ಚಿತ್ರದ ಮೇಲೊಂದು ಪುಟ್ಟ ದೀಪ ಹಾಕಿಸಿ, ಆ ಮೂಲೆಯ ದೊಡ್ಡ ಲೈಟ್ ತೆಗೆಸಿದೆ. ಚಿನ್ನದ ಗೆರೆಗಳು ಒಂದೊಂದಾಗಿ ಕಂಡವು. ಮಗನ ಪ್ರಿಂಟುಗಳಲ್ಲಿ ಎರಡು ಅತಿಥಿಗಳ ಕೋಣೆಗೆ ಹೋದವು. ಮೂರನೆಯದು ಎಲ್ಲಿದೆಯೋ ನಾನು ಕೇಳಲಿಲ್ಲ.

ಶೋಪೀಸಿನ ವಿಷಯ ಜಾಸ್ತಿ ಹೇಳುವಂಥದ್ದಿಲ್ಲ. ಒಣಹುಲ್ಲಿಗೆ ವಾರದಲ್ಲೇ ಧೂಳು ಕೂತು ಅಮ್ಮ ಹಿತ್ತಲಿಗೆ ಎಸೆದರು. ಅಟ್ಟದ ಮೇಲಿಂದ ಹಿತ್ತಾಳೆಯ ಸೇರು, ಅಚ್ಚೇರು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿಸಿದೆ. ಅಡುಗೆಮನೆಯ ಪಾವನ್ನೂ ತಂದು ಮೂರನ್ನೂ ಸಾಲಾಗಿ ಇಟ್ಟರೆ, ಆ ಬೆಣ್ಣೆ ಬಣ್ಣದ ಗೋಡೆ ಮುಂದೆ ಕಣ್ಣು ಕೀಳಲು ಆಗುತ್ತಿರಲಿಲ್ಲ. ಮಾರನೇ ದಿನ ಹೋದರೆ ಪಾವು ಇಲ್ಲ.

"ಅಕ್ಕಿ ಯಾವುದರಲ್ಲಿ ಅಳೀಲಿ ಮತ್ತೆ?"

ಹಾಗಾಗಿ ಶೆಲ್ಫಿನಲ್ಲಿ ಒಂದು ಪಾವಿನಷ್ಟು ಜಾಗ ಖಾಲಿ ಬಿಟ್ಟಿದ್ದೇವೆ. ನೆಂಟರು ಬಂದಾಗ ಮಾತ್ರ ಅದು ತೊಳೆದುಕೊಂಡು ಬಂದು ಕೂರುತ್ತದೆ. ಪಟ್ಟದ ಗೊಂಬೆಗಳನ್ನೂ ಹೊರಗೆ ಇಡೋಣವೇ ಎಂದು ಕೇಳಿದ್ದೆ. ನವರಾತ್ರಿ ಬಿಟ್ಟು ಪೆಟ್ಟಿಗೆ ತೆಗೆಯುವ ಹಾಗಿಲ್ಲ ಎಂದರು, ಮತ್ತೆ ಆ ಮಾತು ಎತ್ತಲಿಲ್ಲ.

ಅಂಗಡಿಯವರು ಮೆಷಿನ್‌ನಲ್ಲಿ ಬೆರೆಸಿಕೊಟ್ಟ ಬಣ್ಣ ವಾಪಸ್ ತೆಗೆದುಕೊಳ್ಳುವುದಿಲ್ಲ. ಉಳಿದ ಒಂಬತ್ತು ಲೀಟರ್ ಗ್ರೇ ಈಗಲೂ ನಮ್ಮ ಮನೆಯ ಮೆಟ್ಟಿಲ ಕೆಳಗಿದೆ. ಮೊನ್ನೆ ಮಂಡ್ಯದಿಂದ ಒಬ್ಬರು ಫೋನ್ ಮಾಡಿ ಹೊಸ ಮನೆಗೆ ಗ್ರೇ ಬೇಕು ಎಂದರು. ನೆಲಕ್ಕೆ ಏನು ಹಾಕಿಸಿದ್ದೀರಿ ಎಂದು ಕೇಳಿದೆ. ಇನ್ನೂ ಟೈಲ್ಸ್ ಆರಿಸಿಲ್ಲವಂತೆ.