ಕಾಸಿನ ಸರ ಒಡೆಸುವ ಮುನ್ನ

ಅಜ್ಜಿಯ ಕಾಸಿನ ಸರ ಕೈಗೆ ಬಂದರೆ ಹೆಚ್ಚಿನವರು ನೇರ ತಕ್ಕಡಿಗೆ ಹಾಕಿಸುತ್ತಾರೆ. ಅದಕ್ಕೆ ಮೊದಲು ಒಂದು ಭೂತಗನ್ನಡಿ ಹಿಡಿದು ಕೂರಿ. ಸರ ಯಾವ ಕಾಲದ್ದು, ನಡುವೆ ಯಾವಾಗ ಬಿಚ್ಚಿ ಕಟ್ಟಿದರು ಎಂಬುದು ಬಹುಪಾಲು ಕಾಸಿನ ಮೇಲೆಯೇ ಇರುತ್ತದೆ. ಕರಗಿಸಿದರೆ ಉಳಿಯುವುದು ತೂಕ ಮಾತ್ರ.

ಮೊದಲು, ಅದು ಅಚ್ಚಿನ ಕಾಸೋ, ಸವರನ್ ಎಂಬ ಬ್ರಿಟಿಷ್ ಚಿನ್ನದ ನಾಣ್ಯವೋ ನೋಡಿ. ಲಕ್ಷ್ಮಿಯ ಅಚ್ಚೊತ್ತಿದ ತೆಳು ಬಿಲ್ಲೆಯಾದರೆ ಅಕ್ಕಸಾಲಿಗರ ಕೆಲಸ. ಇಸವಿ ಸಾಮಾನ್ಯವಾಗಿ ಇರುವುದಿಲ್ಲ. ಸವರನ್ 22 ಕ್ಯಾರಟ್ಟಿನದು, 7.98 ಗ್ರಾಂ, ಅಡ್ಡಳತೆ 22 ಮಿಲಿಮೀಟರ್, ಅಂಚಿಗೆ ಸುತ್ತಲೂ ಗೀರು. ಕರಾವಳಿಯಲ್ಲಿ ಇಂದಿಗೂ 8 ಗ್ರಾಮಿಗೆ ಒಂದು ಪವನ್ ಎನ್ನುವ ಲೆಕ್ಕ ಇದರದೇ. ಕೊಂಡಿ ಬೆಸೆದಿರುವುದರಿಂದ ಸರದಲ್ಲಿರುವ ಕಾಸು ತುಸು ಹೆಚ್ಚೇ ತೂಗಬೇಕು. ಕೊಂಡಿ ಸಮೇತ ಎಂಟು ಗ್ರಾಮಿಗಿಂತ ಸಾಕಷ್ಟು ಕಡಿಮೆ ಬಂದು, ಅಕ್ಷರಗಳೂ ಮಸುಕಾಗಿದ್ದರೆ ಅನುಮಾನಿಸಿ.

ಬಹುತೇಕ ಸವರನ್ನುಗಳ ಹಿಂಬದಿ ಕುದುರೆ ಸವಾರ, ಕೆಳಗೆ ಇಸವಿ. ಇಸವಿ ಸವೆದಿದ್ದರೆ ಮುಖ ನೋಡಿ: ಸೆರಗು ಹೊದ್ದ ಮುದಿ ವಿಕ್ಟೋರಿಯಾ 1893ರಿಂದ 1901, ಬೋಳುತಲೆಯ ಎಡ್ವರ್ಡ್ 1902ರಿಂದ 1910, ಅಲ್ಲಿಂದಾಚೆ ಗಡ್ಡದ ಐದನೇ ಜಾರ್ಜ್. ಜಾರ್ಜ್ ಕಾಸಿನಲ್ಲಿ ಇಸವಿಯ ಮೇಲಿನ ನೆಲದ ಗೆರೆಯ ಮೇಲೆ ಪುಟ್ಟ ಅಕ್ಷರ ಹುಡುಕಿ. ‘ಪಿ’ ಇದ್ದರೆ ಪರ್ತ್, ‘ಎಂ’ ಮೆಲ್ಬರ್ನ್, ‘ಎಸ್’ ಸಿಡ್ನಿ. 1918ರ ಕಾಸಿನಲ್ಲಿ ‘ಐ’ ಕಂಡರೆ ಅದು ಮುಂಬಯಿ ಟಂಕಸಾಲೆಯದು. ಬ್ರಿಟಿಷರ ಆಳ್ವಿಕೆಯಲ್ಲಿ ಆ ಒಂದೇ ಇಸವಿಯ ಸವರನ್ ಅಲ್ಲಿ ಅಚ್ಚಾಯಿತು. ಅಂಥದ್ದನ್ನು ದಯವಿಟ್ಟು ಕರಗಿಸಬೇಡಿ.

ಸರದ ವಯಸ್ಸು ತಿಳಿಯಲು ಹಳೆಯ ಕಾಸಲ್ಲ, ಎಲ್ಲಕ್ಕಿಂತ ಹೊಸ ಕಾಸು ಮುಖ್ಯ. 1913ರ ಕಾಸೊಂದಿದ್ದರೆ, ಈಗಿರುವ ರೂಪದಲ್ಲಿ ಆ ಸರ 1913ಕ್ಕಿಂತ ಹಿಂದಿನದಾಗಲಾರದು, 1900ರಲ್ಲಿ ಮದುವೆಯಾದ ಮುತ್ತಜ್ಜಿಯದೆಂದು ಮನೆಯವರು ಎಷ್ಟೇ ಹೇಳಲಿ. ಆದರೆ ಆ ಒಂದು ಕಾಸಿನ ಕೊಂಡಿ ಮಾತ್ರ ಬೇರೆ ಬಣ್ಣದ್ದಾಗಿ, ಬೆಸುಗೆ ದಪ್ಪಗಿದ್ದರೆ ಅದು ಆಮೇಲೆ ಸೇರಿಸಿದ್ದು. ಆಗ ಮುತ್ತಜ್ಜಿಯ ಮಾತೇ ನಿಜವಿರಬಹುದು.

ಕೆಡುವುದು ಹೆಚ್ಚಾಗಿ ಕೊಂಡಿಯಲ್ಲೇ. ಚಿನ್ನಕ್ಕೆ ಚಿನ್ನ ಉಜ್ಜಿ, ಕೊಂಡಿಗೆ ಹಾಕಿದ ಪುಟ್ಟ ಬಳೆ ಕಾಗದದಷ್ಟು ತೆಳುವಾಗಿ, ಒಂದು ದಿನ ಕಾಸು ಗೊತ್ತೇ ಆಗದಂತೆ ಉದುರುತ್ತದೆ. ಬಳೆ ಬದಲಿಸಲು ಹೇಳಿ, ಕಾಸಿಗೆ ಮತ್ತೆ ಬೆಂಕಿ ತಾಗಿಸುವುದು ಬೇಡ. ಹಳೆಯ ಬೆಸುಗೆ ಕಡಿಮೆ ಕ್ಯಾರಟ್ಟಿನದು, ಕರಗಿಸಿದಾಗ ಒಟ್ಟು ಮಟ್ಟ ಇಳಿಯುವುದು ಅದರಿಂದಲೇ. ಅಂಗಡಿಯ ಆ್ಯಸಿಡ್ ಪಾಲಿಶ್ ಒಂದು ಪದರ ಚಿನ್ನವನ್ನೂ ಮಸುಕಾದ ಇಸವಿಯನ್ನೂ ಒಟ್ಟಿಗೆ ತಿನ್ನುತ್ತದೆ. ಅಂಟುವಾಳದ ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್ ಸಾಕು. ಪದಕದಲ್ಲಿ ಅರಗು ತುಂಬಿ ಕೂರಿಸಿದ ಕೆಂಪು ಕಲ್ಲಿದ್ದರೆ ಅದನ್ನು ನೀರಿಗೆ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೆಣ್ಣುಮಕ್ಕಳಿಗೆ ಪಾಲು ಮಾಡುವುದಿದ್ದರೆ ಬಿಚ್ಚುವ ಮೊದಲು ಸರವನ್ನು ನೇರ ಹಾಸಿ, ಓರೆ ಬೆಳಕಿನಲ್ಲಿ ಪ್ರತಿ ಕಾಸಿನ ಎರಡೂ ಮುಖದ ಫೋಟೋ ತೆಗೆಯಿರಿ. ಕೊಕ್ಕೆಯಿಂದ ಎಣಿಸಿ ಕ್ರಮಸಂಖ್ಯೆ, ಇಸವಿ, ಅಕ್ಷರ, ತೂಕ, ಯಾರ ಪಾಲು ಎಂದು ಬರೆದು, ಆ ಹಾಳೆಯ ಪ್ರತಿಯೊಂದನ್ನು ಎಲ್ಲರ ಡಬ್ಬಿಯಲ್ಲೂ ಇಡಿ.